ಅರವತ್ತು ದಾಟಿದ ಒಬ್ಬನಿಗಾಗಿ

ಹೆದರಿಕೆಯನ್ನು ಅಷ್ಟು ಬಹಿರಂಗವಾಗಿ ಹೊತ್ತುಕೊಂಡು ಓಡಾಡಿದ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ನನಗೆ ಗೊತ್ತಿರುವ ಗಂಡಸರು ಹೆದರಿದಾಗ ಕೂಗಾಡುತ್ತಾರೆ, ಇಲ್ಲವೇ ಮುಖದ ಮುಂದೆ ಪೇಪರ್ ಹಿಡಿದು ಕೂರುತ್ತಾರೆ. ಇವರು ಬಾಗಿಲಲ್ಲಿ ನಿಂತು, ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನುವಷ್ಟು ಸಲೀಸಾಗಿ, ‘ನಂಗ್ಯಾಕೋ ಇವತ್ತು ಭಯ ಜಾಸ್ತಿ ಆಗಿದೆ ಕಣಮ್ಮ’ ಎನ್ನುತ್ತಿದ್ದರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನನ್ನ ಭಯವನ್ನೇ ಸುಧಾರಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದ ದಿನಗಳವು, ಇವರದನ್ನು ಬೇರೆ ಎಲ್ಲಿಟ್ಟುಕೊಳ್ಳಲಿ? ಈಗ ಅವರಿಲ್ಲ. ಬರೆಯಲು ಕುಳಿತರೆ ಮೊದಲು ನೆನಪಾಗುವುದು ಆ ಭಯವೇ, ಹಾಗಾಗಿ ಅಲ್ಲಿಂದಲೇ ಶುರು ಮಾಡಿದ್ದೇನೆ.

ಜಪಾನಿನ ಕಾಶಿವಾದಲ್ಲಿ ನಾವು ಅಕ್ಕಪಕ್ಕದ ಮನೆಯವರು. ನಾನು ಅಲ್ಲಿನ ಕ್ಯಾಂಪಸ್ಸಿನಲ್ಲಿ ಸಮುದ್ರದ ತಳದ ಕೆಸರಿನ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮನೆ ಹಿಡಿದ ಹೊಸತರಲ್ಲಿ ಒಂದು ದಿನ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಗಂಡನಿಗೆ ಚೆನ್ನಾಗಿ ಬೈಯುತ್ತಿದ್ದೆ. ಇಲ್ಲಿ ಕನ್ನಡ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ. ಪಕ್ಕದ ಬಾಗಿಲು ತೆರೆಯಿತು. ಹಸಿರುಗಣ್ಣಿನ, ಬೋಳುತಲೆಯ, ಯಾವ ದೇಶದವನೆಂದು ಹೇಳಲಾಗದ ಒಬ್ಬ ಮನುಷ್ಯ ಕಸದ ಚೀಲ ಹಿಡಿದು ಹೊರಬಂದ. ನಾನು ‘ಸುಮಿಮಾಸೆನ್’ ಎಂದು ಜಪಾನಿಯಲ್ಲಿ ಕ್ಷಮೆ ಕೇಳಿ ದಾರಿ ಬಿಟ್ಟೆ. ಆತ ಮೆಟ್ಟಿಲ ಹತ್ತಿರ ಹೋದವನು ತಿರುಗಿ, ‘ಪಾಪ, ಅವ್ರಿಗೂ ಸ್ವಲ್ಪ ಮಾತಾಡಕ್ಕೆ ಬಿಡಮ್ಮ’ ಎಂದ. ನನ್ನ ಕೈಯಿಂದ ಫೋನ್ ಬೀಳುವುದೊಂದು ಬಾಕಿ. ಅವತ್ತಿನಿಂದ ನಾನು ಅವರನ್ನು ಅಂಕಲ್ ಎಂದೇ ಕರೆದೆ.

ಅವರು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಆಂಗ್ಲೋ-ಇಂಡಿಯನ್. ತಂದೆ ಎಂಜಿನ್ ಡ್ರೈವರ್, ತಾತ ಎಂಜಿನ್ ಡ್ರೈವರ್, ತಾತನ ತಂದೆ ಗಾರ್ಡು. ಮನೆಯೊಳಗೆ ಇಂಗ್ಲಿಷು, ಹೊಸ್ತಿಲು ದಾಟಿದರೆ ಕನ್ನಡ. ಇವರು ಹಡಗಿನ ಎಂಜಿನ್ ರೂಮಿನ ಕೆಲಸಕ್ಕೆ ಸೇರಿ, ಯೋಕೋಹಾಮಾದಲ್ಲಿ ಇಳಿದು, ಅಲ್ಲಿಂದ ಹೇಗೋ ಕಾಶಿವಾಕ್ಕೆ ಬಂದು, ಸ್ಟೇಷನ್ ಪಕ್ಕದ ಕಟ್ಟಡವೊಂದರಲ್ಲಿ ನಿವೃತ್ತರಿಗೆ ಇಂಗ್ಲಿಷ್ ಸಂಭಾಷಣೆ ಕಲಿಸುತ್ತಿದ್ದರು. ಕಲಿಯಲು ಬರುತ್ತಿದ್ದ ಅಜ್ಜಿಯರು ಇವರನ್ನು ಲಂಡನ್ನಿನವರೆಂದೇ ನಂಬಿದ್ದರಂತೆ. ಇವರು ಬೋರ್ಡಿನ ಮೇಲೆ ತೆಂಗಿನಮರ ಬರೆದು, ಇದು ಅರಸೀಕೆರೆ, ನಮ್ಮೂರು ಎಂದು ಒಂದು ಗಂಟೆ ಪಾಠ ಮಾಡಿದರೆ, ಅಜ್ಜಿಯರು ಶ್ರದ್ಧೆಯಿಂದ ಬರೆದುಕೊಂಡು, ಆರುಶಿಕೆರೆ ಲಂಡನ್ನಿನಿಂದ ಎಷ್ಟು ದೂರ ಎಂದು ಕೇಳಿದರಂತೆ. ಒಂದು ಯುಗಾದಿಗೆ ಅವರನ್ನು ಪಕ್ಕದ ನಗರದ ಕೋಟೋ ಬಡಾವಣೆಯಲ್ಲಿರುವ ನಮ್ಮ ಕನ್ನಡದವರ ಗುಂಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಬ್ಬರು ‘ಸರ್, ಕನ್ನಡ ಎಲ್ಲಿ ಕಲಿತ್ರಿ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವರು ಒಬ್ಬಟ್ಟು ಮುರಿಯುತ್ತಾ, ‘ಎಲ್ರೂ ಕಲಿತ ಕಡೇನೇ ಸರ್. ನೀವು ಯಾಕೆ ಬಿಟ್ರಿ?’ ಎಂದರು. ಆಮೇಲೆ ಅವರ ತಟ್ಟೆಗೆ ಇನ್ನೆರಡು ಒಬ್ಬಟ್ಟು ಬಿತ್ತು.

ಆಮೇಲೆ ಕೊರೊನಾ ಬಂತು. ರಜೆಗೆಂದು ಮೈಸೂರಿಗೆ ಹೋಗಿದ್ದ ನನ್ನ ಗಂಡ ಅಲ್ಲೇ ಸಿಕ್ಕಿಹಾಕಿಕೊಂಡರು. ವೀಸಾ ಇದ್ದವರನ್ನೂ ಒಳಗೆ ಬಿಡುವುದಿಲ್ಲ ಎಂದು ಜಪಾನ್ ಬಾಗಿಲು ಹಾಕಿಕೊಂಡಿತು. ಲ್ಯಾಬ್ ಮುಚ್ಚಿತು, ನಾನು ಹೋಗಬೇಕಿದ್ದ ಹಡಗು ಹೊರಡಲೇ ಇಲ್ಲ. ಒಂಟಿಯಾಗಿ ಜ್ವರ ಬಂದು ಸತ್ತುಹೋದರೆ ಯಾರಿಗೆ ಗೊತ್ತಾಗುತ್ತದೆ, ವಾಸನೆ ಬಂದ ಮೇಲೆ ತಾನೆ ಎಂದು ಯೋಚಿಸಿ ಯೋಚಿಸಿ ಊಟ ಸೇರುತ್ತಿರಲಿಲ್ಲ. ಅವರಿಗೂ ಅದೇ ಯೋಚನೆ ಬಂದಿತ್ತು. ಬೆಳಿಗ್ಗೆ ಎದ್ದ ಕೂಡಲೇ ಇಬ್ಬರೂ ನಡುಗೋಡೆಯನ್ನು ಕುಟ್ಟಬೇಕು ಎಂದು ಅವರೇ ಏರ್ಪಾಟು ಮಾಡಿದರು. ನಾನು ತಡವಾಗಿ ಎದ್ದ ದಿನ ಬಾಗಿಲು ಬಡಿಯುತ್ತಿತ್ತು. ಎರಡು ಮಾಸ್ಕಿನ ಹಿಂದಿನಿಂದ ‘ಇದ್ದೀಯ ತಾಯಿ?’ ಎಂಬ ದನಿ. ಇದ್ದೀನಿ ಎಂದು ರೇಗುತ್ತಿದ್ದೆ, ಆದರೆ ಬಾಗಿಲು ಹಾಕಿಕೊಂಡ ಮೇಲೆ ಕಣ್ಣು ತುಂಬುತ್ತಿತ್ತು.

ನಮ್ಮಿಬ್ಬರ ಬಾಲ್ಕನಿಗಳ ನಡುವೆ ಒಂದು ತೆಳು ಹಲಗೆ ಇತ್ತು. ಬೆಂಕಿ ಬಿದ್ದರೆ ಇದನ್ನು ಒಡೆದುಕೊಂಡು ಆಚೆ ಹೋಗಿ ಎಂದು ಅದರ ಮೇಲೆ ಬರೆದಿರುತ್ತಾರೆ. ಈಚೆ ನಾನೊಂದು ಕುರ್ಚಿ, ಆಚೆ ಅವರೊಂದು ಕುರ್ಚಿ ಹಾಕಿಕೊಂಡು ಸಂಜೆ ಮಾತಾಡುತ್ತಿದ್ದೆವು. ಮುಖ ಕಾಣುತ್ತಿರಲಿಲ್ಲ. ಅವರು ಚಿಲ್ಲರೆ ಕಾಸನ್ನು ಸೋಪಿನ ನೀರಿನಲ್ಲಿ ಕುಲುಕಿ ತೊಳೆಯುವ ಸದ್ದು ಕೇಳುತ್ತಿತ್ತು. ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಹಾಲು ತಂದರೂ ಉಟ್ಟಬಟ್ಟೆಯೆಲ್ಲ ಬಕೆಟ್ಟಿಗೆ. ನಮ್ಮ ಮಡಿ ಅಜ್ಜಿ ಇದ್ದಿದ್ದರೆ ನಿಮ್ಮನ್ನು ದತ್ತು ತಗೊಳ್ಳುತ್ತಿದ್ದಳು ಅಂಕಲ್ ಎಂದು ರೇಗಿಸುತ್ತಿದ್ದೆ. ಹೀಗೆ ರೇಗಿಸಿದ ಒಂದು ಸಂಜೆಯೇ ಹಲಗೆಯ ಆಚೆಯಿಂದ ನಿಜವಾದ ಮಾತು ಬಂದದ್ದು.

‘ಕೊರೊನಾ ಅಲ್ಲ ಕಣಮ್ಮ ನನ್ನ ಭಯ, ಅದು ನೆಪ ಅಷ್ಟೆ. ನಮ್ಮನೇಲಿ ಅರವತ್ತು ನೋಡಿದ ಗಂಡಸಿಲ್ಲ. ನಂಗೀಗ ಐವತ್ತೇಳು.’

ತಂದೆ ಐವತ್ತನಾಲ್ಕಕ್ಕೆ ಹೋದರಂತೆ. ದೊಡ್ಡಪ್ಪ ಅದಕ್ಕಿಂತ ಮುಂಚೆ. ತಾತನನ್ನು ಇವರು ಫೋಟೋದಲ್ಲಿ ಮಾತ್ರ ನೋಡಿದ್ದು. ಒಬ್ಬನೇ ಅಣ್ಣ, ಅವನೂ ಐವತ್ತೆರಡಕ್ಕೆ ಮುಗಿಸಿದ. ಎಲ್ಲರಿಗೂ ಮೊದಲು ಸುಸ್ತು, ಆಮೇಲೆ ಕೈಗೆಣ್ಣು ನೋವು, ಆಮೇಲೆ ಹೊಟ್ಟೆ ಊದಿಕೊಂಡು ಲಿವರ್. ಡ್ರೈವರ್ ಮನೆಯವರು ಕುಡೀತಾರೆ, ಇನ್ನೇನಾಗುತ್ತೆ ಎಂದು ಸಾವಿನ ಮನೆಯಲ್ಲೇ ಜನ ಮಾತಾಡಿಕೊಂಡರಂತೆ. ‘ನಮ್ಮಪ್ಪ ಕ್ರಿಸ್ಮಸ್ ವೈನೂ ಮುಟ್ತಿರ್ಲಿಲ್ಲ’ ಎಂದು ಹೇಳುವಾಗ ಅವರ ದನಿ ಗಟ್ಟಿಯಾಯಿತು. ಯೋಕೋಹಾಮಾದಲ್ಲಿ ಒಬ್ಬಾಕೆ ಇದ್ದಳಂತೆ, ಮದುವೆಯಾಗೋಣ ಎಂದಿದ್ದಳಂತೆ. ನಮ್ಮ ಮನೆ ಗಂಡಸರು ಹೆಂಡತಿಯರನ್ನು ನಡುವೆಯೇ ಬಿಟ್ಟು ಹೋಗುವುದು ಗೊತ್ತಿದ್ದೂ ಹೇಗೆ ಆಗಲಿ ಎಂದು ಇವರೇ ಹಿಂದೆ ಸರಿದು ಕಾಶಿವಾಕ್ಕೆ ಬಂದುಬಿಟ್ಟರು. ನಾನು ಅಷ್ಟು ದಿನ ರೇಗಿಸಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಕ್ಲಾಸುಗಳು ನಿಂತುಹೋಗಿದ್ದರಿಂದ ಹಗಲೆಲ್ಲ ಅವರು ಕಂಪ್ಯೂಟರ್ ಮುಂದೆ ಕೂತು ಪೂರ್ವಜರನ್ನು ಹುಡುಕುತ್ತಿದ್ದರು. ವಂಶಾವಳಿಯ ಹೆಮ್ಮೆಗಾಗಿ ಹುಡುಕುವವರನ್ನು ನಾನು ನೋಡಿದ್ದೇನೆ, ರಾಜನೋ ದಿವಾನನೋ ಸಿಕ್ಕರೆ ಸಾಕು ಅವರಿಗೆ. ಇವರಿಗೆ ಬೇಕಾಗಿದ್ದದ್ದು ಅರವತ್ತು ದಾಟಿದ ಒಬ್ಬನೇ ಒಬ್ಬ ಗಂಡಸು. ಯಾವ ಕಾಲದವನಾದರೂ ಸರಿ, ಯಾವ ಕೊಂಬೆಯವನಾದರೂ ಸರಿ. ಅಂಥವನೊಬ್ಬ ಸಿಕ್ಕರೆ ಇದು ರಕ್ತದಲ್ಲಿ ಬಂದದ್ದಲ್ಲ, ಬರೀ ದುರದೃಷ್ಟ ಎಂದುಕೊಂಡು ಮಲಗಬಹುದು ಎಂದು ಅವರ ಲೆಕ್ಕ.

ಆದರೆ ಹುಡುಕುವುದು ಎಲ್ಲಿ? ಇವರ ಮುತ್ತಾತನ ತಂದೆ ಐರ್ಲೆಂಡಿನಿಂದ ಸಿಪಾಯಿಯಾಗಿ ಬಂದು, ಪಲ್ಟಣ ಬಿಟ್ಟು, ರೈಲು ಸೇರಿದ ಎಂಬುದಷ್ಟೇ ಮನೆಯಲ್ಲಿ ಗೊತ್ತಿದ್ದದ್ದು. ಊರು ಗೊತ್ತಿಲ್ಲ. ರೈಲ್ವೆಯ ಹಳೇ ಕಾಗದಗಳು ಯಾವ ಕಾಲದಲ್ಲೋ ರದ್ದಿಗೆ ಹೋಗಿದ್ದವು. ಚರ್ಚಿನ ಹಳೇ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಐರ್ಲೆಂಡಿನಲ್ಲಾದರೂ ಇದ್ದೀತು ಎಂದರೆ, ನೂರು ವರ್ಷದ ಹಿಂದೆ ಅಲ್ಲಿ ನಡೆದ ಕಾಳಗದಲ್ಲಿ ಸರ್ಕಾರದ ದಾಖಲೆಗಳ ಮನೆಗೇ ಬೆಂಕಿ ಬಿದ್ದು ಎಲ್ಲ ಬೂದಿಯಾಗಿತ್ತು. ಇನ್ನು ಇವರ ಮನೆತನದ ಹೆಸರೋ, ಆ ದೇಶದಲ್ಲಿ ಹಾದಿಬೀದಿಗೆ ಸಿಗುವಂಥದ್ದು. ಮೈಸೂರಿನಲ್ಲಿ ಗೌಡರ ಮನೆ ಎಲ್ಲಿ ಎಂದು ಕೇಳಿದ ಹಾಗೆ.

ಈ ನಡುವೆ ಅವರಿಗೆ ಸುಸ್ತು ಹೆಚ್ಚಾಗಿತ್ತು. ತೋರುಬೆರಳು, ನಡುಬೆರಳಿನ ಗೆಣ್ಣುಗಳು ಊದಿ ಕಸದ ಚೀಲದ ಗಂಟು ಕಟ್ಟಲೂ ಆಗುತ್ತಿರಲಿಲ್ಲ. ಚಳಿಗಾಲದಲ್ಲೂ ಮೈ ಬಿಸಿಲಲ್ಲಿ ದುಡಿದವರಂತೆ ತಾಮ್ರದ ಬಣ್ಣ. ಧೈರ್ಯ ಮಾಡಿ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರೆ ಅಲ್ಲಿನ ಡಾಕ್ಟರು, ಕುಡಿಯುವುದು ಕಡಿಮೆ ಮಾಡಿ ಎಂದು ನಯವಾಗಿ ಹೇಳಿ ಕಳಿಸಿದರಂತೆ. ಅವತ್ತು ಅವರಿಗೆ ಎಷ್ಟು ಅವಮಾನವಾಯಿತೆಂದರೆ ಮತ್ತೆ ಡಾಕ್ಟರ ಕಡೆ ತಲೆ ಹಾಕಲಿಲ್ಲ. ತಾವೇ ಔಷಧಿ ಮಾಡಿಕೊಂಡರು. ರಕ್ತ ಕಮ್ಮಿ ಎಂಬುದು ಅವರ ತಾಯಿಯ ಕಾಲದಿಂದ ಬಂದ ತೀರ್ಮಾನ. ಸುಸ್ತು ಎಂದ ಗಂಡನಿಗೂ ಮಕ್ಕಳಿಗೂ ಆಕೆ ರೈಲು ಹಳಿಯ ಬೋಲ್ಟೊಂದನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ಮಜ್ಜಿಗೆಗೆ ಅದ್ದಿ ಕುಡಿಸುತ್ತಿದ್ದಳಂತೆ, ಕಬ್ಬಿಣದ ಸತ್ವ ಇಳಿಯಲಿ ಎಂದು. ಅಕ್ಕಪಕ್ಕದ ಲಿಂಗಾಯತರ ಮನೆಯಿಂದ ಕಲಿತ ಮದ್ದು ಅದು. ಅದರ ಮೇಲೆ ನುಗ್ಗೆಸೊಪ್ಪು, ಬೆಲ್ಲ, ಟಾನಿಕ್. ಕಾಶಿವಾದಲ್ಲಿ ಕೆಂಡ ಎಲ್ಲಿಂದ ತರುವುದು? ಅದಕ್ಕೆ ಇವರು ದಪ್ಪನೆಯ ಎರಕದ ಕಬ್ಬಿಣದ ಜಪಾನಿ ಕೆಟಲ್ ಒಂದನ್ನು ಕೊಂಡು, ನೀರು, ಚಹಾ ಎಲ್ಲ ಅದರಲ್ಲೇ ಕಾಯಿಸಿ ಕುಡಿಯುತ್ತಿದ್ದರು. ಔಷಧಿ ಅಂಗಡಿಯಿಂದ ಕಬ್ಬಿಣದ ಮಾತ್ರೆಯನ್ನೂ ತಂದು ತಪ್ಪದೆ ನುಂಗುತ್ತಿದ್ದರು.

ಅವರ ಹುಡುಕಾಟಕ್ಕೆ ದಾರಿ ಸಿಕ್ಕಿದ್ದು ನನ್ನ ಸಿಡುಕಿನಿಂದ. ಒಂದು ಸಂಜೆ ಹಲಗೆಯಾಚೆಯಿಂದ ಅದೇ ಹೆಸರನ್ನು ಹತ್ತು ಬಗೆಯಲ್ಲಿ ಬರೆದು ಹುಡುಕಿದ ಕತೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ಹೆಸರಿಟ್ಟುಕೊಂಡು ಊರು ಹುಡುಕಿದರೆ ಸಿಗುತ್ತದೆಯೇ? ನಮ್ಮಲ್ಲಿ ನಾಲ್ಕು ತಲೆಮಾರಿನ ಹಿಂದೆ ಊರು ಬಿಟ್ಟವರು ಮೂಲ ಹುಡುಕಬೇಕಾದರೆ ಏನು ಕೇಳುತ್ತಾರೆ?

‘ಅಂಕಲ್, ನಿಮ್ಮ ಮನೆದೇವರು ಯಾವುದು, ಅದನ್ನ ಹೇಳಿ’ ಎಂದೆ.

ಯೇಸುವೇ ಎಂದರು. ಅದು ಎಲ್ಲರಿಗೂ ದೇವರು, ನಿಮ್ಮನೆಗೇ ಅಂತ ಬೇರೆ ಯಾರಾದರೂ ಇರಬೇಕು, ಏನಾದರೂ ಕಟ್ಟುಪಾಡು ಇರಬೇಕು, ಬೇರೆಯವರು ಮಾಡದ್ದನ್ನು ನೀವು ಮಾಡುವುದು, ಅಥವಾ ಮಾಡಬಾರದ್ದು ಎಂದು ನಾನು ಜೋರು ಮಾಡಿದೆ. ಆಮೇಲೆ ಅವರು, ಜೇನುಗೂಡು ಕೀಳಬಾರದು ಎಂದರು. ಕ್ವಾರ್ಟರ್ಸಿನ ಸೂರಿನಲ್ಲಿ ಜೇನು ಕಟ್ಟಿದರೆ ಎಲ್ಲರೂ ಹೊಗೆ ಹಾಕಿ ಕೀಳಿಸುತ್ತಿದ್ದರು, ಇವರ ಮನೆಯವರು ಮಾತ್ರ ಮುಟ್ಟುತ್ತಿರಲಿಲ್ಲ. ಹೊಡೆದರೆ ಅತ್ತೆಗೆ ಸಿಟ್ಟು ಬರುತ್ತದೆ ಎಂದು ತಂದೆ ಹೇಳುತ್ತಿದ್ದರಂತೆ. ಯಾವ ಅತ್ತೆ ಎಂದೆ. ಗೋಬ್ನೆಟ್ ಅತ್ತೆ ಎಂದರು. ಪ್ರತಿ ತಲೆಮಾರಿನಲ್ಲೂ ಒಬ್ಬ ಹೆಣ್ಣುಮಗಳಿಗೆ ಗೋಬ್ನೆಟ್ ಎಂದು ಹೆಸರಿಡುವುದು ಅವರ ಮನೆಯ ಪದ್ಧತಿ. ಅರಸೀಕೆರೆಯ ಹುಡುಗರ ಬಾಯಲ್ಲಿ ಅದು ಗೊಬ್ಬರವಾಗಿ, ಇವರ ಸೋದರತ್ತೆ ಸಾಯುವವರೆಗೂ ಗೊಬ್ಬರದ ಮಿಸ್ಸಮ್ಮ ಆಗಿಯೇ ಉಳಿದರು. ನಾವಿಬ್ಬರೂ ಹಲಗೆಯ ಎರಡೂ ಕಡೆ ನಕ್ಕೆವು. ನಗುತ್ತಲೇ ನಾನು ಆ ಹೆಸರನ್ನು ಫೋನಿನಲ್ಲಿ ಹುಡುಕಿದೆ. ಗೋಬ್ನೆಟ್ ಐರ್ಲೆಂಡಿನ ತೆಂಕಣ ಪಡುವಣ ಮೂಲೆಯ ಕೆಲವೇ ಹಳ್ಳಿಗಳವರು ನಡೆದುಕೊಳ್ಳುವ ಸಂತ ಹೆಣ್ಣುಮಗಳು. ಜೇನುಹುಳುಗಳನ್ನು ಕಾಯುವವಳು.

ಅಲ್ಲಿಂದ ಕೆಲಸ ಹಗುರವಾಯಿತು. ಇಡೀ ದೇಶ ಹೋಗಿ ನಾಲ್ಕಾರು ಹಳ್ಳಿ ಉಳಿದವು. ಅಂಕಲ್ ಆ ಹಳ್ಳಿಗಳ ಚರ್ಚುಗಳಿಗೆಲ್ಲ ಬರೆದರು. ಒಂದು ಕಡೆಯಿಂದ, ಸ್ಮಶಾನದ ಹುಲ್ಲು ಕೀಳಿಸಿ ನೋಡಿಕೊಳ್ಳುವ ಒಬ್ಬ ವಯಸ್ಸಾದ ಹೆಂಗಸು ಉತ್ತರ ಕೊಟ್ಟರು. ಇವರ ಮನೆತನದ ಹೆಸರಿನ ಕಲ್ಲುಗಳು ತಮ್ಮಲ್ಲಿ ಸಾಲಾಗಿವೆ, ತಾನೂ ಅದೇ ಮನೆತನದವಳು, ಲಾಕ್‌ಡೌನಿನಲ್ಲಿ ಮನೆ ಹತ್ತಿರ ಓಡಾಡಲು ಅಡ್ಡಿಯಿಲ್ಲ, ವೀಡಿಯೊ ಕಾಲ್ ಮಾಡಿದರೆ ತೋರಿಸುತ್ತೇನೆ ಎಂದರು. ಅವತ್ತು ಅಂಕಲ್ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು, ನೀನೂ ಜೊತೆಗಿರು, ನಂಗೆ ಒಬ್ಬನೇ ನೋಡಕ್ಕಾಗಲ್ಲ ಎಂದರು. ಕಿಟಕಿಗಳನ್ನೆಲ್ಲ ತೆರೆದು, ಮಾಸ್ಕ್ ಹಾಕಿಕೊಂಡು, ಮೇಜಿನ ಎರಡು ತುದಿಯಲ್ಲಿ ಕುಳಿತೆವು.

ಆ ಹೆಂಗಸು ಫೋನನ್ನು ಕಲ್ಲಿನ ಹತ್ತಿರ ಹಿಡಿದು, ಪಾಚಿಯನ್ನು ಕೈಯಿಂದ ಒರೆಸಿ, ಗಟ್ಟಿಯಾಗಿ ಓದುತ್ತಾ ಹೋದರು. ಇಂಥ ಹೆಸರಿನವನು, ವಯಸ್ಸು ಐವತ್ತೊಂದು. ಪಕ್ಕದಲ್ಲಿ ಅವನ ಹೆಂಡತಿ, ಎಂಬತ್ತು. ಮಗ, ನಲವತ್ತೊಂಬತ್ತು. ಇನ್ನೊಬ್ಬ ಮಗ, ಐವತ್ಮೂರು. ಗಾಳಿಗೆ ದನಿ ಕತ್ತರಿಸಿ ಬರುತ್ತಿತ್ತು. ಹೆಂಗಸರೆಲ್ಲ ಮುದುಕಿಯರಾಗಿ ಸತ್ತಿದ್ದರು, ಗಂಡಸರು ಒಬ್ಬರೂ ಇಲ್ಲ. ಒಂದೊಂದು ಕಲ್ಲಿಗೂ ಅಂಕಲ್ ಮೇಜಿನಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ನಾನೇ ತಾನೇ ಮನೆದೇವರು ಹುಡುಕಿ ಎಂದು ಇಲ್ಲಿಗೆ ಕರೆತಂದವಳು? ಸಾಕು ನಿಲ್ಲಿಸಿ ಎಂದು ಹೇಳಬೇಕೆನಿಸಿತು. ಕೊನೆಗೆ ಅಂಕಲ್ಲೇ ಮಾತಾಡಿದರು. ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ, ಈ ಮನೆಯಲ್ಲಿ ಮುದುಕನಾಗಿ ಸತ್ತ ಒಬ್ಬ ಗಂಡಸೂ ಇಲ್ಲವೇ ಅಮ್ಮ ಎಂದು ಕೇಳಿದರು.

ಆಕೆ ಫೋನ್ ತಿರುಗಿಸಿದರು. ಟೋಪಿ ಹಾಕಿದ ಕೆಂಪು ಮುಖ ಪರದೆ ತುಂಬ ಕಂಡಿತು.

‘ಅಯ್ಯೋ, ಅದು ಗೊತ್ತಾಗೋಕೆ ಮುಂಚಿನ ಮಾತು ಮಾರಾಯಾ. ಅದು ಕಬ್ಬಿಣ. ರಕ್ತದಲ್ಲಿ ಕಬ್ಬಿಣ ಜಾಸ್ತಿಯಾಗಿ ಲಿವರ್ ತಿಂದುಹಾಕುತ್ತೆ. ಇಲ್ಲಿ ಅರ್ಧ ಊರಿಗೇ ಇದೆ. ಈಗ ರಕ್ತ ತೆಗೆದುಬಿಡ್ತಾರೆ, ಅಷ್ಟೆ. ನಮ್ಮಣ್ಣನಿಗೆ ಎಂಬತ್ತು ದಾಟಿತು.’

ಆಕೆ ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಧಾಟಿ ಹೀಗೇ ಇತ್ತು. ಹಾಲು ಕೆಟ್ಟಿದ್ದಕ್ಕೆ ಕಾರಣ ಹೇಳುವಷ್ಟು ಸಹಜವಾಗಿ. ಹೆಂಗಸರಿಗೆ ಪ್ರತಿ ತಿಂಗಳೂ ತಾನಾಗಿಯೇ ಹೋಗಿಬಿಡುತ್ತದೆ, ಅದಕ್ಕೇ ನಾವು ಉಳಿದೆವು ಎಂದು ನಕ್ಕರು. ಅಂಕಲ್ ನಗಲಿಲ್ಲ. ಅಣ್ಣನನ್ನು ಒಂದು ಸಲ ತೋರಿಸುತ್ತೀರಾ ಎಂದು ಕೇಳಿದರು. ಫೋನು ಅಲ್ಲಾಡುತ್ತಾ ಗೋಡೆ ದಾಟಿ ಒಂದು ಹೊಲಕ್ಕೆ ಹೋಯಿತು. ಬೂಟು ಹಾಕಿಕೊಂಡ ಒಬ್ಬ ಮುದುಕ ಹಸುಗಳನ್ನು ಹೊಡೆದುಕೊಂಡು ಬರುತ್ತಿದ್ದ. ತಂಗಿ ಫೋನ್ ಮುಖಕ್ಕೆ ಹಿಡಿದದ್ದಕ್ಕೆ ಏನೋ ಗೊಣಗಿ, ಕೈಯಾಡಿಸಿ, ಹಸುವಿನ ಹಿಂದೆ ಹೋದ. ಅಷ್ಟೇ ಕಂಡದ್ದು. ಅಂಕಲ್ ಮಾಸ್ಕ್ ತೆಗೆದು ಮುಖ ಮುಚ್ಚಿಕೊಂಡು ಅತ್ತರು. ಆ ಮುದುಕ ಇವರ ರಕ್ತ ಸಂಬಂಧಿಯೋ ಅಲ್ಲವೋ ಎಂಬುದು ಇವತ್ತಿಗೂ ಸಾಬೀತಾಗಿಲ್ಲ, ಸಾಬೀತು ಮಾಡಲು ಕಾಗದವೇ ಇಲ್ಲ.

ಅಳು ನಿಂತ ಮೇಲೆ ಒಲೆಯ ಮೇಲಿದ್ದ ಕೆಟಲ್ ಕಡೆ ಇಬ್ಬರೂ ಒಟ್ಟಿಗೆ ನೋಡಿದೆವು. ಅವರು ಎದ್ದು ಹೋಗಿ ಅದರ ನೀರು ಚೆಲ್ಲಿ, ಮಾತ್ರೆಗಳನ್ನು ಕಸಕ್ಕೆ ಹಾಕಿದರು.

‘ಅಮ್ಮ ಪ್ರೀತಿಯಿಂದ ಕೊಟ್ಟಿದ್ದು ಕಣಮ್ಮ. ಅವಳಿಗಿದು ಗೊತ್ತಾಗೋದು ಬೇಡ.’

ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಾನು ಹೂಂ ಅಂದೆ.

ದೊಡ್ಡ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಅಲ್ಲಿನ ಡಾಕ್ಟರು ಮೊದಲು ತಲೆ ಓರೆ ಮಾಡಿ, ಜಪಾನಿಯರಲ್ಲಿ ಈ ಕಾಯಿಲೆ ಇಲ್ಲವೆನ್ನುವಷ್ಟು ಅಪರೂಪ, ಪುಸ್ತಕದಲ್ಲಿ ಓದಿದ್ದೇನೆ ಅಷ್ಟೆ ಎಂದರು. ಪರೀಕ್ಷೆಯ ಫಲ ಬಂದಾಗ ಅವರೇ ಎದ್ದು ನಿಂತು ಬಾಗಿ ನಮಸ್ಕರಿಸಿದರು. ಸ್ಮಶಾನದ ಆ ಹೆಂಗಸು ಹೇಳಿದ್ದು ನಿಜವಾಗಿತ್ತು. ವಾರ ವಾರ ರಕ್ತ ತೆಗೆಯಲು ಶುರು ಮಾಡಿದರು. ಹುಟ್ಟಿದಾಗಿನಿಂದ ರಕ್ತ ಕಮ್ಮಿ, ರಕ್ತ ಕಮ್ಮಿ ಎಂದು ಕೇಳಿಕೊಂಡು ಬೆಳೆದ ಮನುಷ್ಯ ತನ್ನ ರಕ್ತ ಚೀಲ ತುಂಬುವುದನ್ನು ನೋಡುತ್ತಾ ಗಡಗಡ ನಡುಗುತ್ತಿದ್ದರು. ಕೆಟ್ಟ ಸುದ್ದಿ ಎರಡನೆಯ ತಿಂಗಳು ಬಂತು. ಲಿವರಿನಲ್ಲಿ ಗಡ್ಡೆ. ನಾಲ್ಕೈದು ವರ್ಷ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು.

ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನಲ್ಲಿ ಕುಳಿತಾಗ ನಾನು ಅವರ ತೋಳು ಹಿಡಿದುಕೊಂಡೆ. ಅವರು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಣ್ಣನ ಮಗನ ಬಗ್ಗೆ ಹೇಳಿದರು. ಬೆಂಗಳೂರಿನಲ್ಲಿರುವ, ಮೂವತ್ತು ದಾಟಿದ ಒಬ್ಬನೇ ಮಗ. ಈ ಕಾಯಿಲೆ ತಂದೆ, ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಹಿಡಿಯುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ಅರಸೀಕೆರೆ, ಹುಬ್ಬಳ್ಳಿ, ಗುಂತಕಲ್ಲು ಎಂದು ನಾಲ್ಕಾರು ರೈಲ್ವೆ ಮನೆಗಳೊಳಗೇ ಹೆಣ್ಣು ತಂದು ಹೆಣ್ಣು ಕೊಟ್ಟವರು ಇವರು. ಅತ್ತಿಗೆಯೂ ಅಂಥದೇ ಮನೆಯವಳು. ಹುಡುಗನಿಗೆ ಈಗಲೇ ಪರೀಕ್ಷೆ ಮಾಡಿಸಿ ರಕ್ತ ತೆಗೆಸಿದರೆ ಅವನಿಗೆ ಏನೂ ಆಗುವುದಿಲ್ಲ.

ಆದರೆ ಅದು ಬೆಂಗಳೂರಿನಲ್ಲಿ ಎರಡನೇ ಅಲೆ ಎದ್ದಿದ್ದ ಕಾಲ. ಆಸ್ಪತ್ರೆಗಳ ಹೊರಗೆ ಆಂಬುಲೆನ್ಸುಗಳ ಸಾಲು, ಆಮ್ಲಜನಕಕ್ಕಾಗಿ ಜನ ಅಲೆಯುವುದನ್ನು ದಿನವೂ ಫೋನಿನಲ್ಲಿ ನೋಡುತ್ತಿದ್ದೆವು. ‘ಈಗ ಆಸ್ಪತ್ರೆಗೆ ಹೋಗು ಅಂದ್ರೆ ಕೊರೊನಾ ಬಾಯಿಗೆ ಕೊಟ್ಟಂಗೆ. ಹೋಗ್ಬೇಡ ಅಂದ್ರೆ ಇದರ ಬಾಯಿಗೆ’ ಎಂದು ಅವರು ಹಲಗೆಯಾಚೆ ಒದ್ದಾಡಿದರು. ಆ ವಯಸ್ಸಿಗೆ ಕೆಲವು ತಿಂಗಳು ತಡವಾದರೆ ಏನೂ ಆಗದು ಎಂದು ನಾನು ಹೇಳಿದ್ದು ತಲೆಗೆ ಹೋಗುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಆದರೂ ಕಾದರು. ದಿನವೂ ಅವನಿಗೆ ಫೋನ್ ಮಾಡಿ, ಊಟ ಆಯ್ತಾ, ಎಲ್ಲೂ ಹೋಗ್ಬೇಡ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಆಮೇಲೆ ಬಾಲ್ಕನಿಗೆ ಬಂದು ಕೂರುತ್ತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು.

ಅಲೆ ಇಳಿದ ಮೇಲೆ ವಿಷಯ ಹೇಳಿದರೆ ಹುಡುಗ ನಕ್ಕುಬಿಟ್ಟ. ದಿನಾ ಜಿಮ್ಮಿಗೆ ಹೋಗ್ತೀನಿ, ನಂಗೇನಾಗಿದೆ ಎಂದ. ಅಸಲು ಕಾರಣ ಬೇರೆ. ಸೂಜಿ ಕಂಡರೆ ಅವನಿಗೆ ತಲೆಸುತ್ತು ಬರುತ್ತಿತ್ತು, ಅದನ್ನು ಒಪ್ಪಿಕೊಳ್ಳಲು ನಾಚಿಕೆ. ಅಂಕಲ್‌ಗೆ ಅದು ಗೊತ್ತಿತ್ತು. ಮುಂದಿನ ವಾರ ರಕ್ತ ತೆಗೆಸಿಕೊಳ್ಳುವಾಗ ನರ್ಸಿನ ಅನುಮತಿ ಕೇಳಿ ಅವನಿಗೆ ವೀಡಿಯೊ ಕಾಲ್ ಮಾಡಿದರು. ಫೋನ್ ಹಿಡಿದು ನಿಂತವಳು ನಾನು. ಧೈರ್ಯ ತೋರಿಸಿ ಅವನಿಗೆ ಮಾದರಿಯಾಗುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಧೈರ್ಯ! ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮಗು ಅಮ್ಮನ ಸೆರಗು ಹಿಡಿದಂತೆ ನನ್ನ ಅಂಗಿಯ ತುದಿ ಹಿಡಿದುಕೊಂಡು, ಕೆನ್ನೆ ಮೇಲೆ ನೀರು ಇಳಿಸಿಕೊಂಡು, ‘ನೋಡಪ್ಪ, ನಾನು ಎಷ್ಟು ಹೆದರ್ತೀನಿ ನೋಡು’ ಎಂದರು. ಆಚೆ ಹುಡುಗ ನಗಲಿಲ್ಲ. ಆ ವಾರವೇ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಅವನಿಗೂ ಇತ್ತು, ಆದರೆ ಲಿವರ್ ಇನ್ನೂ ಚೆನ್ನಾಗಿತ್ತು.

ಅಂಕಲ್ ಅವರ ಕೊನೆಯ ತಿಂಗಳುಗಳು ಆಸ್ಪತ್ರೆಯಲ್ಲೇ ಕಳೆದವು. ಕೊರೊನಾದಿಂದಾಗಿ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಗಡಿ ಮತ್ತೆ ಮುಚ್ಚಿತ್ತು, ಹುಡುಗನಿಗೆ ಬರಲು ದಾರಿ ಇರಲಿಲ್ಲ. ನಾನು ಕೆಳಗೆ ಹೋಗಿ ಒಗೆದ ಬಟ್ಟೆ ಕೊಟ್ಟು, ಪಾರ್ಕಿಂಗಿನಲ್ಲಿ ನಿಂತು ಫೋನ್ ಮಾಡುತ್ತಿದ್ದೆ. ಅವರು ಕಿಟಕಿಗೆ ಬರುವಷ್ಟು ದಿನ ಬಂದರು. ಸಾಯುವವರಿಗೆ ಕೊನೆಗೆ ಒಂದು ಶಾಂತಿ ಬರುತ್ತದೆ ಎಂದು ಕೇಳಿದ್ದೆ, ಅದನ್ನು ಅವರ ದನಿಯಲ್ಲಿ ಹುಡುಕುತ್ತಿದ್ದೆ.

‘ಭಯ ಹೋಗ್ಲಿಲ್ಲ ಕಣಮ್ಮ’ ಎಂದರು ಒಂದು ದಿನ. ‘ಹೋಗುತ್ತೆ ಅನ್ಕೊಂಡಿದ್ದೆ. ಇರ್ಲಿ ಬಿಡು. ಹುಡುಗ ಈ ಸಲ ತಪ್ಪಿಸ್ದೆ ಹೋದ್ನಾ ಕೇಳು.’

ಅವರು ಹೋದಾಗ ಐವತ್ತೊಂಬತ್ತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ನನಗೆ ಕರೆ ಬಂತು, ಅವರು ಕೊಟ್ಟಿದ್ದ ನಂಬರ್ ನನ್ನದೇ. ಹಿಮ ಬೀಳುತ್ತಿತ್ತು. ಕೋಟು ಹಾಕಿಕೊಂಡು ಹೊರಟವಳು ಬಾಗಿಲಲ್ಲೇ ಕುಸಿದು ಕುಳಿತು ಅತ್ತೆ. ನಂತರ ಹುಡುಗನಿಗೆ ಹೇಳಬೇಕಲ್ಲ ಎಂದು ಫೋನ್ ಮಾಡಿದೆ. ಅವನು ವೀಡಿಯೊದಲ್ಲಿ ಬಂದ. ಬೆಳ್ಳಗೆ ಬಿಳಿಚಿಕೊಂಡ ಮುಖ, ಹಣೆಯಲ್ಲಿ ಬೆವರು, ಹಿಂದೆ ಆಸ್ಪತ್ರೆಯ ಹಸಿರು ಪರದೆ. ತೋಳಿನಲ್ಲಿ ಸೂಜಿ ಇತ್ತು. ಪಕ್ಕದಲ್ಲಿ ಚೀಲ ಅರ್ಧ ತುಂಬಿತ್ತು.

‘ಅಕ್ಕ, ಕರೆಕ್ಟ್ ಟೈಮಿಗೆ ಮಾಡಿದ್ರಿ’ ಎಂದ. ‘ಇವತ್ತು ಒಬ್ನೇ ಬಂದೆ, ತಲೆ ಸುತ್ತಿಲ್ಲ. ಅಂಕಲ್‌ಗೆ ಹೇಳಿ, ಇನ್ಮೇಲೆ ನನ್ ಬಗ್ಗೆ ಹೆದರ್ಬೇಡಿ ಅಂತ. ಹೇಳ್ತೀರಲ್ಲ?’

ಹೇಳ್ತೀನಿ ಅಂದೆ. ಏನು ತಿಂದುಕೊಂಡು ಬಂದೆ, ಬಿಸಿಲು ಇದೆಯಾ, ಬಸ್ಸಿನಲ್ಲಿ ಬಂದೆಯಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳುತ್ತಾ ಹೋದೆ. ಚೀಲ ತುಂಬಿ, ನರ್ಸ್ ಸೂಜಿ ತೆಗೆದು, ಅವನು ಹತ್ತಿ ಒತ್ತಿಕೊಂಡು ಎದ್ದು ಕೂರುವವರೆಗೂ ವಿಷಯ ಹೇಳಲಿಲ್ಲ.